ಯಂತ್ರದ ತೀರ್ಮಾನಕ್ಕೆ ಉತ್ತರ ಕೊಡುವವರು ಯಾರು?

(ಪಟ್ಟಣದ ಪ್ರೌಢಶಾಲೆಯೊಂದರಲ್ಲಿ ನಡೆದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೃತಕ ಬುದ್ಧಿಮತ್ತೆಯ ಕುರಿತು ಇಂದು ಎರಡು ಬಗೆಯ ಮಾತುಗಳು ಕೇಳಿ ಬರುತ್ತಿವೆ. ಈ ಯಂತ್ರ ನಮ್ಮ ಸಕಲ ಸಮಸ್ಯೆಗಳನ್ನೂ ಬಗೆಹರಿಸಿ ಬಿಡುತ್ತದೆ ಎಂದು ಕೆಲವರು ಹೇಳುತ್ತಾರೆ. ಇದು ನಮ್ಮ ಮಕ್ಕಳ ಉದ್ಯೋಗವನ್ನು ಕಸಿದು, ಕೊನೆಗೆ ಮನುಷ್ಯಕುಲವನ್ನೇ ನುಂಗಿ ಹಾಕುತ್ತದೆ ಎಂದು ಇನ್ನು ಕೆಲವರು ಹೆದರಿಸುತ್ತಾರೆ. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧವಾದ ಮಾತುಗಳು. ಆದರೆ ಎರಡರಲ್ಲೂ ಯಂತ್ರವೇ ಕರ್ತೃ. ಅದನ್ನು ತಯಾರಿಸಿದವನು, ಖರೀದಿಸಿದವನು, ನಮ್ಮ ಮೇಲೆ ಪ್ರಯೋಗಿಸುವವನು ಎಲ್ಲಿಯೂ ಕಾಣಿಸುವುದಿಲ್ಲ. ಕಾಣೆಯಾದ ಆ ಮನುಷ್ಯನ ಕುರಿತೇ ನಾನು ಇಂದು ಮಾತನಾಡಲು ಬಯಸುತ್ತೇನೆ. ಅದಕ್ಕೆ ಮುಂಚೆ ಈ ಯಂತ್ರ ಏನು ಮತ್ತು ಏನಲ್ಲ ಎಂಬುದನ್ನು ತಿಳಿದುಕೊಳ್ಳೋಣ.

ಈ ಕ್ಷೇತ್ರದಲ್ಲಿ ಪದೇ ಪದೇ ಬಳಕೆಯಾಗುವ ಒಂದು ಪದ ಅಲ್ಗಾರಿದಮ್. ಒಂದು ಲೆಕ್ಕವನ್ನು ಹಂತ ಹಂತವಾಗಿ ಬಿಡಿಸುವ ಕ್ರಮ ಎಂಬುದು ಅದರ ಅರ್ಥ. ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಗಣಿತಜ್ಞ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಝ್ಮಿಯವರ ಹೆಸರೇ ಲ್ಯಾಟಿನ್ ಭಾಷೆಯಲ್ಲಿ ರೂಪಾಂತರಗೊಂಡು ಈ ಪದವಾಯಿತು. ಭಾರತೀಯ ಅಂಕಿಗಳಿಂದ ಲೆಕ್ಕ ಮಾಡುವ ವಿಧಾನದ ಕುರಿತು ಅವರು ಬರೆದ ಕೃತಿಯ ಅನುವಾದದ ಮೂಲಕ ಆ ಹೆಸರು ಯುರೋಪನ್ನು ತಲುಪಿತು. ಬೀಜಗಣಿತದ ಕುರಿತಾದ ಅವರ ಗ್ರಂಥದಲ್ಲಿ ಆಸ್ತಿಯ ಪಾಲು, ವ್ಯಾಪಾರದ ಲೆಕ್ಕ, ಜಮೀನಿನ ಅಳತೆ ಇವೆಲ್ಲ ಬರುತ್ತವೆ. ಅಂದರೆ ಅಲ್ಗಾರಿದಮ್‌ನ ಪೂರ್ವಜರು ಮನುಷ್ಯರ ನಡುವೆ ಯಾರ ಪಾಲೂ ತಪ್ಪದಂತೆ ನೋಡಿಕೊಳ್ಳಲು ಲೆಕ್ಕ ಕಲಿಸಿದರು. ಈ ಮಾತನ್ನು ನೆನಪಿನಲ್ಲಿಡಿ.

‘ಯಂತ್ರಗಳು ಯೋಚಿಸಬಲ್ಲವೇ’ ಎಂಬ ಪ್ರಶ್ನೆಯನ್ನು ಬ್ರಿಟನ್ನಿನ ಅಲನ್ ಟ್ಯೂರಿಂಗ್ 1950ರಲ್ಲಿ ಎತ್ತಿದರು. ಕೃತಕ ಬುದ್ಧಿಮತ್ತೆ ಎಂಬ ಹೆಸರನ್ನು ಅಮೆರಿಕದ ಜಾನ್ ಮೆಕಾರ್ಥಿ ಮತ್ತು ಸಂಗಡಿಗರು 1955ರಲ್ಲಿ ಬಳಸಿದರು. ಮರುವರ್ಷ ಡಾರ್ಟ್‌ಮೌತ್ ಕಾಲೇಜಿನಲ್ಲಿ ಅವರು ಸೇರಿದ ಸಭೆಯಿಂದ ಇದೊಂದು ಅಧ್ಯಯನ ಶಾಖೆಯಾಗಿ ಬೆಳೆಯಿತು. ಬಹಳ ಕಾಲದವರೆಗೆ ವಿಜ್ಞಾನಿಗಳು ಯಂತ್ರಕ್ಕೆ ನಿಯಮಗಳನ್ನು ಬರೆದು ಕೊಡುತ್ತಿದ್ದರು. 1997ರಲ್ಲಿ ಚದುರಂಗದ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್‌ರನ್ನು ಸೋಲಿಸಿದ ಡೀಪ್ ಬ್ಲೂ ಕಂಪ್ಯೂಟರ್ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು. ಆದರೆ ಆಟದಲ್ಲಿ ಯಾವುದು ಒಳ್ಳೆಯ ಸ್ಥಿತಿ ಎಂಬುದನ್ನು ಅದಕ್ಕೆ ಬಹುತೇಕ ಮನುಷ್ಯರೇ ಹೇಳಿ ಕೊಟ್ಟಿದ್ದರು.

ಇಂದಿನ ವಿಧಾನ ಬೇರೆ. ನಮ್ಮ ಅಡಿಕೆ ಮಂಡಿಯ ಹಳೆಯ ವ್ಯಾಪಾರಿಯನ್ನು ನೆನಪಿಸಿಕೊಳ್ಳಿ. ಆತ ಅಡಿಕೆಯೊಂದನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಇದು ಯಾವ ದರ್ಜೆಯದು ಎಂದು ಕ್ಷಣದಲ್ಲಿ ಹೇಳುತ್ತಾನೆ. ಹೇಗೆ ಗೊತ್ತಾಯಿತು ಎಂದು ಕೇಳಿದರೆ ಪೂರ್ತಿಯಾಗಿ ವಿವರಿಸಲು ಆತನಿಂದಲೇ ಆಗುವುದಿಲ್ಲ. ಲಕ್ಷಾಂತರ ಅಡಿಕೆಗಳನ್ನು ನೋಡಿ ನೋಡಿ ಆತನ ಕಣ್ಣು ಪಳಗಿದೆ. ಯಂತ್ರ ಕಲಿಕೆ ಎನ್ನುವುದು ಸರಿಸುಮಾರು ಇದೇ. ನಿಯಮದ ಬದಲು ಯಂತ್ರಕ್ಕೆ ಅಸಂಖ್ಯ ಉದಾಹರಣೆಗಳನ್ನು ಕೊಡಲಾಗುತ್ತದೆ. ಅವುಗಳಲ್ಲಿರುವ ಸಾಮ್ಯವನ್ನು ಅದು ಲೆಕ್ಕದ ಮೂಲಕ ಗುರುತಿಸಿಕೊಳ್ಳುತ್ತದೆ. 2016ರಲ್ಲಿ ಗೋ ಎಂಬ ಆಟದಲ್ಲಿ ದಕ್ಷಿಣ ಕೊರಿಯದ ಲೀ ಸೆಡೊಲ್‌ರನ್ನು ನಾಲ್ಕು-ಒಂದರಿಂದ ಸೋಲಿಸಿದ ಆಲ್ಫಾಗೋ, ಮನುಷ್ಯರ ಆಟಗಳನ್ನು ನೋಡಿಯೂ ತನ್ನೊಂದಿಗೆ ತಾನೇ ಆಡಿಯೂ ಕಲಿತಿತ್ತು.

2022ರ ನವೆಂಬರ್‌ನಲ್ಲಿ ಬಂದ ಚಾಟ್‌ಜಿಪಿಟಿಯಂತಹ ವ್ಯವಸ್ಥೆಗಳ ಬುಡದಲ್ಲಿಯೂ ಇದೇ ತತ್ವವಿದೆ. ಅಗಾಧ ಪ್ರಮಾಣದ ಬರಹಗಳನ್ನು ಅವುಗಳಿಗೆ ಉಣಿಸಲಾಗಿದೆ. ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಅವು ಲೆಕ್ಕ ಹಾಕುತ್ತಾ ವಾಕ್ಯ ಕಟ್ಟುತ್ತವೆ. ಆದುದರಿಂದ ಮಾತು ಸರಾಗವಾಗಿರುತ್ತದೆ. ಆದರೆ ಸರಾಗವಾದ ಮಾತೆಲ್ಲ ಸತ್ಯವಾಗಬೇಕೆಂದಿಲ್ಲ. ನ್ಯೂಯಾರ್ಕಿನ ವಕೀಲರೊಬ್ಬರು ಇದನ್ನು ನಂಬಿ ನ್ಯಾಯಾಲಯಕ್ಕೆ ಸಲ್ಲಿಸಿದ ಬರಹದಲ್ಲಿ, ಎಂದೂ ನಡೆಯದ ಮೊಕದ್ದಮೆಗಳ ತೀರ್ಪುಗಳು ಉಲ್ಲೇಖಗೊಂಡಿದ್ದವು. ಅವು ಚಾಟ್‌ಜಿಪಿಟಿ ಹೆಣೆದ ಕಟ್ಟುಕತೆಗಳಾಗಿದ್ದವು. 2023ರ ಜೂನ್‌ನಲ್ಲಿ ನ್ಯಾಯಾಧೀಶರು ಆ ವಕೀಲರಿಗೆ ಮತ್ತು ಅವರ ಸಹೋದ್ಯೋಗಿಗೆ ಐದು ಸಾವಿರ ಡಾಲರ್ ದಂಡ ವಿಧಿಸಿದರು. ಗಮನಿಸಿ, ದಂಡ ತೆತ್ತದ್ದು ಯಂತ್ರವಲ್ಲ. ಪರಿಶೀಲಿಸದೆ ಸಹಿ ಹಾಕಿದ ಮನುಷ್ಯರು.

ಹಾಗೆಂದು ಈ ವಿದ್ಯೆಯನ್ನು ತಿರಸ್ಕರಿಸುವುದು ಮೂರ್ಖತನವಾದೀತು. ನಮ್ಮ ದೇಹದ ಪ್ರೋಟೀನುಗಳ ಆಕಾರವನ್ನು ಪತ್ತೆ ಹಚ್ಚಲು ಪ್ರಯೋಗಾಲಯಗಳಲ್ಲಿ ವರ್ಷಗಟ್ಟಲೆ ಶ್ರಮ ಪಡಬೇಕಾಗುತ್ತಿತ್ತು. ಆಲ್ಫಾಫೋಲ್ಡ್ ಎಂಬ ವ್ಯವಸ್ಥೆ 20 ಕೋಟಿಗೂ ಅಧಿಕ ಪ್ರೋಟೀನುಗಳ ಆಕಾರವನ್ನು ಊಹಿಸಿ ಕೊಟ್ಟಿದೆ. ಅದನ್ನು ರೂಪಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ 2024ರ ರಸಾಯನ ಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಕನ್ನಡದಲ್ಲಿ ಮಾತನಾಡಿದರೆ ಇತರ ಭಾಷೆಗಳಿಗೆ ಅನುವಾದಿಸುವ ‘ಭಾಷಿಣಿ’ಯಂತಹ ಸೌಲಭ್ಯ ನಮ್ಮ ದೇಶದಲ್ಲೇ ಇದೆ. ಅಂಧರಿಗೆ ಪುಸ್ತಕವನ್ನು ಓದಿ ಹೇಳುವ ಸಾಧನಗಳಿವೆ. ಇವೆಲ್ಲ ಉಪಕಾರಗಳೇ.

ಹಾಗಾದರೆ ಸಮಸ್ಯೆ ಎಲ್ಲಿದೆ? ಅಡಿಕೆಯ ಉದಾಹರಣೆಗೇ ಮರಳೋಣ. ಒಂದೇ ಊರಿನ ಅಡಿಕೆಯನ್ನು ನೋಡಿ ಪಳಗಿದ ಕಣ್ಣಿಗೆ ಬೇರೆ ಊರಿನ ಒಳ್ಳೆಯ ಅಡಿಕೆಯೂ ಕಳಪೆಯಾಗಿ ಕಂಡೀತು. ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಮೂರು ಕಂಪೆನಿಗಳ ವ್ಯವಸ್ಥೆಗಳನ್ನು ಅಮೆರಿಕದ ಜಾಯ್ ಬ್ಯೂಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಸಂಶೋಧಕಿಯರು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಳಿ ಬಣ್ಣದ ಪುರುಷರ ವಿಷಯದಲ್ಲಿ ತಪ್ಪಿನ ಪ್ರಮಾಣ ಶೇ. 0.8ನ್ನು ಮೀರಲಿಲ್ಲ. ಕಪ್ಪು ಬಣ್ಣದ ಮಹಿಳೆಯರ ವಿಷಯದಲ್ಲಿ ಅದು ಶೇ. 34.7ರವರೆಗೂ ಹೋಯಿತು. ಯಂತ್ರಕ್ಕೆ ಯಾರ ಮೇಲೂ ದ್ವೇಷವಿಲ್ಲ. ಆದರೆ ಅದು ಕಲಿತ ಪಾಠದಲ್ಲಿ ಸಮಾಜದ ಅಸಮತೋಲನವಿದೆ.

ಫೋಟೋದಲ್ಲಿ ಗುರುತು ತಪ್ಪಿದರೆ ನಕ್ಕು ಬಿಡಬಹುದು. ಅದೇ ತಪ್ಪು ಸರಕಾರದ ಕಡತದೊಳಗೆ ಪ್ರವೇಶಿಸಿದರೆ ಏನಾಗುತ್ತದೆ? ಇದಕ್ಕೆ ಉತ್ತರ ನೆದರ್‌ಲ್ಯಾಂಡ್ಸ್‌ನಲ್ಲಿದೆ. ನಾನು ಈ ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಏಕೆಂದರೆ ಇದು ನಮ್ಮ-ನಿಮ್ಮಂತಹ ತಂದೆ-ತಾಯಂದಿರ ಕತೆ.

ಆ ದೇಶದಲ್ಲಿ ದುಡಿಯುವ ದಂಪತಿಗಳು ಎಳೆಯ ಮಕ್ಕಳನ್ನು ಶಿಶುಪಾಲನಾ ಕೇಂದ್ರದಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಾರೆ. ಅದರ ವೆಚ್ಚದ ಒಂದು ಭಾಗವನ್ನು ಸರಕಾರ ಭತ್ಯೆಯಾಗಿ ಕೊಡುತ್ತದೆ. ಆಗ ಅದನ್ನು ವಿತರಿಸುತ್ತಿದ್ದುದು ತೆರಿಗೆ ಇಲಾಖೆ. 2013ರಲ್ಲಿ ಬಲ್ಗೇರಿಯದವರ ಒಂದು ಗುಂಪು ಇಂತಹ ಭತ್ಯೆಗಳಲ್ಲಿ ವಂಚನೆ ಮಾಡಿದ್ದು ಬೆಳಕಿಗೆ ಬಂತು. ಜನರು ರೊಚ್ಚಿಗೆದ್ದರು. ವಂಚಕರನ್ನು ಹಿಡಿಯಬೇಕೆಂಬ ಒತ್ತಡ ಹೆಚ್ಚಿತು. ಅದೇ ವರ್ಷ ಇಲಾಖೆಯು ತಾನಾಗಿ ಕಲಿಯುವ ಒಂದು ವ್ಯವಸ್ಥೆಯನ್ನು ಬಳಕೆಗೆ ತಂದಿತು. ಅದು ಪ್ರತಿಯೊಂದು ಅರ್ಜಿಗೂ ಎಷ್ಟು ಸಂಶಯಾಸ್ಪದ ಎಂದು ಅಂಕ ಹಾಕುತ್ತಿತ್ತು. ಅಂಕಕ್ಕೆ ಆಧಾರವಾದ ಅಂಶಗಳಲ್ಲಿ, ಅರ್ಜಿದಾರರು ಡಚ್ ಪೌರರೇ ಅಲ್ಲವೇ ಎಂಬುದೂ ಒಂದಾಗಿತ್ತು!

ಹೆಚ್ಚು ಅಂಕ ಬಿದ್ದ ಅರ್ಜಿ ಒಬ್ಬ ಅಧಿಕಾರಿಯ ಮೇಜಿಗೆ ಬರುತ್ತಿತ್ತು. ಆ ಅಂಕ ಏಕೆ ಬಿತ್ತು ಎಂಬುದನ್ನು ಯಂತ್ರ ಅಧಿಕಾರಿಗೂ ತಿಳಿಸುತ್ತಿರಲಿಲ್ಲ. ಭತ್ಯೆ ನಿಂತು ಹೋಗುತ್ತಿತ್ತು. ಏಕೆಂದು ತಾಯಿ ಕೇಳಿದರೆ ಸಮರ್ಪಕ ಉತ್ತರ ಸಿಗುತ್ತಿರಲಿಲ್ಲ. ಒಂದು ಸಹಿ ಬಿಟ್ಟು ಹೋದರೂ, ತಮ್ಮ ಪಾಲಿನ ಅಲ್ಪ ಮೊತ್ತ ಬಾಕಿ ಉಳಿದರೂ, ವರ್ಷದ ಭತ್ಯೆಯನ್ನು ಪೂರ್ತಿಯಾಗಿ ಹಿಂದಿರುಗಿಸಬೇಕೆಂದು ಆದೇಶ ಬರುತ್ತಿತ್ತು. ಹೀಗೆ ಸಾಮಾನ್ಯ ಕುಟುಂಬಗಳ ತಲೆಯ ಮೇಲೆ ಹತ್ತಾರು ಸಾವಿರ ಯೂರೋಗಳ ಸಾಲ ಬಿತ್ತು. ಕೆಲವರು ಮನೆ ಕಳೆದುಕೊಂಡರು. ಸಂಸಾರಗಳು ಒಡೆದವು. ಬಲಿಯಾದ ಕುಟುಂಬಗಳ ಸಾವಿರಕ್ಕೂ ಹೆಚ್ಚು ಮಕ್ಕಳು ತಂದೆ-ತಾಯಿಯ ಮಡಿಲಿನಿಂದ ದೂರವಾಗಿ ಪಾಲನಾ ವ್ಯವಸ್ಥೆಗೆ ಸೇರಬೇಕಾಯಿತು. ಸಂತ್ರಸ್ತ ಹೆತ್ತವರ ಸಂಖ್ಯೆ ಹತ್ತಾರು ಸಾವಿರ. ಅವರಲ್ಲಿ ಮೊರೊಕ್ಕೊ, ತುರ್ಕಿ ಮುಂತಾದ ಕಡೆಗಳಿಂದ ವಲಸೆ ಬಂದ ಮನೆತನಗಳವರು ದೊಡ್ಡ ಪ್ರಮಾಣದಲ್ಲಿದ್ದರು.

ಒಬ್ಬ ವಕೀಲೆ, ಇಬ್ಬರು ಸಂಸದರು ಮತ್ತು ಕೆಲವು ಪತ್ರಕರ್ತರು ವರ್ಷಗಟ್ಟಲೆ ಬೆನ್ನು ಹತ್ತಿದ ಬಳಿಕ ಸತ್ಯ ಹೊರಬಂತು. 2020ರ ಡಿಸೆಂಬರ್‌ನಲ್ಲಿ ಸಂಸದೀಯ ಸಮಿತಿ ಸಲ್ಲಿಸಿದ ವರದಿಯ ಶೀರ್ಷಿಕೆಯೇ ‘ಕಂಡರಿಯದ ಅನ್ಯಾಯ’ ಎಂಬರ್ಥದ್ದಾಗಿತ್ತು. 2021ರ ಜನವರಿ 15ರಂದು ಪ್ರಧಾನಿ ಮಾರ್ಕ್ ರುಟ್ಟೆಯವರ ಇಡೀ ಸಚಿವ ಸಂಪುಟ ರಾಜೀನಾಮೆ ಕೊಟ್ಟಿತು. ಪೌರತ್ವದ ಮಾಹಿತಿಯನ್ನು ಕಾನೂನುಬಾಹಿರವಾಗಿ, ತಾರತಮ್ಯದಿಂದ ಬಳಸಿದ್ದಕ್ಕಾಗಿ ತೆರಿಗೆ ಇಲಾಖೆಗೆ ಆ ವರ್ಷದ ಡಿಸೆಂಬರ್‌ನಲ್ಲಿ 27.5 ಲಕ್ಷ ಯೂರೋ ದಂಡ ಬಿತ್ತು.

ಇಲ್ಲಿ ಎಲ್ಲ ತಪ್ಪನ್ನೂ ಯಂತ್ರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಾನೂನು ಕಠೋರವಾಗಿತ್ತು. ಅಧಿಕಾರಿಗಳು ಅದನ್ನು ಇನ್ನಷ್ಟು ಕಠೋರವಾಗಿ ಜಾರಿಗೊಳಿಸಿದರು. ಉನ್ನತ ಆಡಳಿತ ನ್ಯಾಯಾಲಯವೂ 2019ರವರೆಗೆ ಇಲಾಖೆಯ ವಾದವನ್ನೇ ಎತ್ತಿ ಹಿಡಿದಿತ್ತು. ಯಂತ್ರ ಮಾಡಿದ್ದು ಇಷ್ಟೆ: ಮನುಷ್ಯರ ಸಂಶಯಕ್ಕೆ ಅದು ಲೆಕ್ಕದ ಮುಖವಾಡ ತೊಡಿಸಿತು. ‘ಇವರು ಪರದೇಶದವರು, ಇವರನ್ನು ನಂಬಬೇಡಿ’ ಎಂದು ಅಧಿಕಾರಿಯೊಬ್ಬ ಬಾಯಿ ಬಿಟ್ಟು ಹೇಳಿದ್ದರೆ ಮರುದಿನವೇ ಪ್ರತಿಭಟನೆ ನಡೆಯುತ್ತಿತ್ತು. ಅದನ್ನೇ ಯಂತ್ರ ಅಂಕಿಯಲ್ಲಿ ಹೇಳಿದಾಗ ವರ್ಷಗಳ ಕಾಲ ಯಾರಿಗೂ ಕೇಳಿಸಲಿಲ್ಲ.

ಇದು ದೂರದ ದೇಶದ ಮಾತು ಎಂದುಕೊಳ್ಳಬೇಡಿ. ನೆರೆಯ ತೆಲಂಗಾಣದಲ್ಲಿ ಕಂಪ್ಯೂಟರಿನ ತಪಾಸಣೆಯನ್ನು ನೆಚ್ಚಿಕೊಂಡು ಲಕ್ಷಾಂತರ ಪಡಿತರ ಚೀಟಿಗಳನ್ನು ರದ್ದುಪಡಿಸಲಾಗಿತ್ತು. ರದ್ದಾದ ಚೀಟಿಗಳನ್ನು ಸ್ಥಳಕ್ಕೆ ಹೋಗಿ ಮರುಪರಿಶೀಲಿಸಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು. ಅಕ್ಕಿ ಸಿಗದೆ ಹೋದ ಮನೆಗೆ ಕೃತಕ ಬುದ್ಧಿಮತ್ತೆಯ ಹೆಸರು ಗೊತ್ತಿರಲಾರದು. ಅವರಿಗೆ ಗೊತ್ತಿದ್ದದ್ದು ‘ಸಿಸ್ಟಮ್‌ನಲ್ಲಿ ಬರುತ್ತಿಲ್ಲ’ ಎಂಬ ಒಂದು ವಾಕ್ಯ ಮಾತ್ರ. ಈ ವಾಕ್ಯ ನಮಗೆಲ್ಲರಿಗೂ ಪರಿಚಿತವಲ್ಲವೇ? ಬ್ಯಾಂಕಿನ ಕಿಟಕಿಯಲ್ಲಿ, ವಿದ್ಯಾರ್ಥಿವೇತನದ ಅರ್ಜಿಯಲ್ಲಿ, ವಿಮೆಯ ಕಚೇರಿಯಲ್ಲಿ ನಾವು ಇದನ್ನು ಕೇಳಿ ತಲೆ ತಗ್ಗಿಸಿ ಹಿಂದಿರುಗುತ್ತೇವೆ.

ಇನ್ನು ಮುಂದೆ ತಲೆ ತಗ್ಗಿಸುವ ಬದಲು ಮೂರು ಪ್ರಶ್ನೆಗಳನ್ನು ಕೇಳಿರಿ. ಅರ್ಜಿ ತಿರಸ್ಕೃತವಾಗಲು ಕಾರಣವೇನು? ಆ ತೀರ್ಮಾನಕ್ಕೆ ಹೊಣೆಗಾರರಾದ ಅಧಿಕಾರಿ ಯಾರು? ಮೇಲ್ಮನವಿ ಯಾರಿಗೆ ಸಲ್ಲಿಸಬೇಕು? ಇವು ಉದ್ಧಟತನದ ಪ್ರಶ್ನೆಗಳಲ್ಲ. ಸಾರ್ವಜನಿಕ ಪ್ರಾಧಿಕಾರವು ತನ್ನ ಆಡಳಿತಾತ್ಮಕ ತೀರ್ಮಾನಕ್ಕೆ ಕಾರಣಗಳನ್ನು ಬಾಧಿತರಿಗೆ ಒದಗಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಸೆಕ್ಷನ್ ಹೇಳುತ್ತದೆ. ಕಂಪ್ಯೂಟರ್ ತೀರ್ಮಾನಿಸಿತು ಎಂಬುದು ಕಾರಣವಾಗುವುದಿಲ್ಲ. ಕೇಳುವುದನ್ನು ಬರಹದಲ್ಲಿ ಕೇಳಿರಿ, ಉತ್ತರವನ್ನೂ ಬರಹದಲ್ಲಿ ಪಡೆಯಿರಿ.

ತಾಯಂದಿರಲ್ಲಿ ಒಂದು ವಿನಂತಿ. ಮಗನ ಧ್ವನಿಯನ್ನೇ ಅನುಕರಿಸಿ ‘ಅಮ್ಮಾ, ಅಪಘಾತವಾಗಿದೆ, ತಕ್ಷಣ ಹಣ ಕಳುಹಿಸಿ’ ಎಂದು ಫೋನ್ ಮಾಡಿಸುವುದು ಇಂದು ವಂಚಕರಿಗೆ ಕಷ್ಟದ ಕೆಲಸವಲ್ಲ. ಅಂತಹ ಕರೆ ಬಂದರೆ ಗಾಬರಿಯಾಗದೆ ಫೋನ್ ಇಟ್ಟು, ನಿಮ್ಮಲ್ಲಿರುವ ಮಗನ ಸಂಖ್ಯೆಗೆ ನೀವೇ ಕರೆ ಮಾಡಿರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿರಿ. ಯುವಕರಿಗೂ ಒಂದು ಮಾತು. ನಮ್ಮನ್ನು ಸಂಶಯದಿಂದ ನೋಡುವ ಯಂತ್ರದ ಬಗ್ಗೆ ದೂರುವ ನಾವೇ, ಇನ್ನೊಬ್ಬರ ವಿರುದ್ಧದ ನಕಲಿ ವೀಡಿಯೋವನ್ನು ಪರಿಶೀಲಿಸದೆ ಹತ್ತು ಗುಂಪುಗಳಿಗೆ ರವಾನಿಸಿದರೆ ನಮ್ಮ ದೂರಿಗೆ ಯಾವ ಬೆಲೆಯಿದೆ?

ಕೊನೆಯದಾಗಿ ವಿದ್ಯಾರ್ಥಿಗಳೇ, ಉತ್ತರವನ್ನು ಯಂತ್ರದಿಂದ ನಕಲು ಮಾಡಿ ಅಂಕ ಗಳಿಸುವುದರಲ್ಲಿ ಹೆಚ್ಚುಗಾರಿಕೆಯಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕಲಿಯಿರಿ. ಗಣಿತವನ್ನು ಕಲಿಯಿರಿ, ಕಾನೂನನ್ನೂ ಕಲಿಯಿರಿ. ಈ ಸಭೆಯಲ್ಲಿರುವ ಹೆಣ್ಣು ಮಕ್ಕಳಿಗೆ ನಾನು ಇದನ್ನು ವಿಶೇಷವಾಗಿ ಹೇಳುತ್ತೇನೆ. ಮುಖ ಗುರುತಿಸುವ ಯಂತ್ರದ ಪಕ್ಷಪಾತವನ್ನು ಬಯಲಿಗೆಳೆದವರು ಇಬ್ಬರು ಕಪ್ಪು ಬಣ್ಣದ ಯುವತಿಯರು. ಯಂತ್ರ ತಮ್ಮಂತಹವರನ್ನು ಸರಿಯಾಗಿ ಗುರುತಿಸುತ್ತಿಲ್ಲ ಎಂದು ಕಂಡಾಗ ಅವರು ಅದನ್ನು ಶಪಿಸುತ್ತಾ ಕೂರಲಿಲ್ಲ. ಅಳೆದು, ಲೆಕ್ಕ ಹಾಕಿ, ಜಗತ್ತಿನ ಮುಂದಿಟ್ಟರು. ಅಲ್ ಖ್ವಾರಿಝ್ಮಿ ಕಲಿಸಿದ ಲೆಕ್ಕವೂ ಪಾಲು ಸರಿಯಾಗಿ ಹಂಚಲಿಕ್ಕಾಗಿಯೇ ಇತ್ತು. ಆ ಲೆಕ್ಕವನ್ನು ಮತ್ತೆ ಅದೇ ಕೆಲಸಕ್ಕೆ ತರುವವರು ನಿಮ್ಮೊಳಗಿನಿಂದ ಎದ್ದು ಬರಲಿ ಎಂದು ಹಾರೈಸುತ್ತಾ ನನ್ನ ಮಾತನ್ನು ಮುಗಿಸುತ್ತೇನೆ.