ಹೆದರಿದ ಬೆಕ್ಕಿಗೆ ಎಂಥ ಮನೆ ಬೇಕು?

(ನೀಲಗಿರಿಯ ಎಸ್ಟೇಟ್ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಪ್ರಾಣಿಗಳ ಆಶ್ರಯದಿಂದ ನಾವು ತಂದ ಬೂದು ಬೆಕ್ಕನ್ನು ನೀವು ಬಲ್ಲಿರಿ. ಎರಡು ಮನೆಯವರು ಅದನ್ನು ಸಾಕಲು ಒಯ್ದು, ವಾರ ತುಂಬುವ ಮೊದಲೇ, "ಮಂಚದಡಿಯಿಂದ ಹೊರಗೇ ಬರುವುದಿಲ್ಲ" ಎಂದು ಹಿಂದಕ್ಕೆ ಕೊಟ್ಟರು. ತಪ್ಪು ಬೆಕ್ಕಿನದಲ್ಲ. ಮರಿಗೆ 2ರಿಂದ 7 ವಾರದೊಳಗೆ ಮನುಷ್ಯರ ಕೈ ಪಳಗದಿದ್ದರೆ, ಆಮೇಲೆ ನಂಬಿಕೆ ಹುಟ್ಟಲು ತಿಂಗಳುಗಳೇ ಬೇಕಾಗಬಹುದು.

"ನಮ್ಮದು ಒಂದೇ ಕೋಣೆಯ ಲೈನ್ ಮನೆ. ಹಗಲೆಲ್ಲ ಎಲೆ ಕೀಳಲು ಹೋಗುತ್ತೇವೆ. ನಮ್ಮಿಂದಾದೀತೇ?" ಎಂದು ಕೆಲವರು ಕೇಳಿದಿರಿ. ಆಗುತ್ತದೆ. ಹೆದರಿದ ಬೆಕ್ಕಿಗೆ ಚಿಕ್ಕ ಕೋಣೆಯೇ ಧೈರ್ಯ, ಹಗಲಿನ ಮೌನವೇ ಮದ್ದು. ಅಡಗಲು ಒಂದು ರಟ್ಟಿನ ಪೆಟ್ಟಿಗೆ, ಒಂದು ಮೂಲೆಯಲ್ಲಿ ಮರಳಿನ ತಟ್ಟೆ, ಕುಡಿಯಲು ನೀರು ಇಡಿ. ದಿನವೂ ಅದೇ ಹೊತ್ತಿಗೆ ತಿನ್ನಲು ಕೊಡಿ. ಮೊದಲ ಕೆಲವು ವಾರ ಹೊರಗೆ ಬಿಡಬೇಡಿ.

ಎಳೆದು ತೆಗೆಯಬೇಡಿ. ಮಕ್ಕಳು ಅಟ್ಟಿಸಿಕೊಂಡು ಹೋಗದಂತೆ ನೋಡಿಕೊಳ್ಳಿ. ಸಂಜೆ ಕೆಲಸ ಮುಗಿಸಿ ಬಂದು ನೆಲದ ಮೇಲೆ ಸುಮ್ಮನೆ ಕುಳಿತರೆ ಸಾಕು. ಅದು ನೋಡಿದಾಗ ದಿಟ್ಟಿಸದೆ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. ಹಾಗೆ ಮಾಡಿದವರ ಹತ್ತಿರಕ್ಕೆ ಬೆಕ್ಕು ಬರುವುದು ಹೆಚ್ಚು ಎಂದು 2020ರಲ್ಲಿ ಇಂಗ್ಲೆಂಡಿನ ಸಂಶೋಧಕರು ಪರೀಕ್ಷೆ ಮಾಡಿ ತಿಳಿಸಿದ್ದಾರೆ. ಕಚ್ಚಿದರೆ, ಪರಚಿದರೆ 15 ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ; ಅದನ್ನು ಮಾತ್ರ ಉದಾಸೀನ ಮಾಡಬೇಡಿ.

ಮೂರನೆಯ ಸಾರಿ ಅದನ್ನು ಹಿಂದಕ್ಕೆ ತರುವಂತಾಗಬಾರದು. ನಾವು ಹುಡುಕುತ್ತಿರುವುದು ದೊಡ್ಡ ಮನೆಯನ್ನಲ್ಲ, ಅವಸರವಿಲ್ಲದ ಮನೆಯನ್ನು. ನಿಮ್ಮದು ಅಂಥದ್ದಾದರೆ ಕೂಟ ಮುಗಿದ ಮೇಲೆ ನಮಗೆ ಒಂದು ಮಾತು ಹೇಳಿ.