ಮಾಧ್ಯಮ, ಸಮಾಜ ಮತ್ತು ನಮ್ಮ ಕೇರಿ

(ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ವಿಶ್ವವಿದ್ಯಾಲಯಗಳಲ್ಲಿ ದೊಡ್ಡವರ ಹೆಸರಿನ ಸ್ಮಾರಕ ಉಪನ್ಯಾಸಗಳು ನಡೀತಾವು. 'ಮಾಧ್ಯಮ ಮತ್ತು ಸಮಾಜ' ಅಂತ ವಿಷಯ ಇಡ್ತಾರ. ನಾವು ಹಿಂದಿನ ಬೆಂಚಿನಲ್ಲಿ ಕೂತು ಕೇಳ್ತೀವಿ, ಚಪ್ಪಾಳೆ ಹೊಡೆದು ಹಾಸ್ಟೆಲ್ಲಿಗೆ ಬರ್ತೀವಿ. ಒಂದು ಪ್ರಶ್ನೆ ಮಾತ್ರ ಗಂಟಲಲ್ಲೇ ಉಳೀತದ: ಅವರು ಹೇಳೋ ಸಮಾಜದೊಳಗೆ ನಮ್ಮ ಕೇರಿ ಐತೋ ಇಲ್ಲೋ?

ದೂರ ಹೋಗೋದು ಬ್ಯಾಡ. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತರ ಎರಡು ವರ್ಷದ ಕೂಸು ಹನುಮಪ್ಪನ ಗುಡಿಯೊಳಗೆ ಓಡಿತು. ಗುಡಿ ಶುದ್ಧಿಗೆ ಅಂತ ತಂದೆಗೆ ಸಾವಿರಾರು ರೂಪಾಯಿ ದಂಡ ಹಾಕಿದರು. ವಿಷಯ ಊರ ಹೊರಗೆ ಬಿದ್ದ ಮೇಲೆ ಪೊಲೀಸರು ಬಂದರು, ಬಂಧನವೂ ಆಯಿತು. ಸುದ್ದಿಗೆ ಅಷ್ಟು ಶಕ್ತಿ ಐತಿ. ಊರೊಳಗೇ ಮುಚ್ಚಿಹೋಗಿದ್ದರೆ?

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ 5 ವರ್ಷದ ಶಿಕ್ಷೆ ವಿಧಿಸಿತು. ದೇಶವೆಲ್ಲ ಓದಿತು. ಮರುತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಕೊಟ್ಟಿತು. ಬೆಂಕಿಯ ದಿನ ಗೊತ್ತು, ತೀರ್ಪಿನ ದಿನ ಗೊತ್ತು. ನಡುವಿನ ಹತ್ತು ವರ್ಷ ಸಾಕ್ಷಿ ಹೇಳಿದವರು ಅದೇ ಊರಲ್ಲಿ ಹೆಂಗ ಬದುಕಿದರು? ಯಾರು ಕೂಲಿಗೆ ಕರೆದರು, ಯಾರು ಕರೀಲಿಲ್ಲ? ಇದನ್ನು ಪತ್ರಿಕೆಯಲ್ಲಿ ಓದಿದವರು ಕೈ ಎತ್ರಿ ನೋಡೋಣ.

ಯಾಕೆ ಹೀಗೆ? 2012ರಲ್ಲಿ ದೆಹಲಿಯ ರಾಜೇಂದ್ರ ಮಾಥುರ್ ಸ್ಮಾರಕ ಉಪನ್ಯಾಸದಲ್ಲಿ ರಾಬಿನ್ ಜೆಫ್ರಿ ಅವರು ಪತ್ರಿಕಾಲಯಗಳಲ್ಲಿ ದಲಿತರಿಲ್ಲದ ಸಂಗತಿಯನ್ನೇ ಎತ್ತಿದರು. 2019ರಲ್ಲಿ ಆಕ್ಸ್‌ಫ್ಯಾಮ್ ಮತ್ತು ನ್ಯೂಸ್‌ಲಾಂಡ್ರಿ ಲೆಕ್ಕ ಹಾಕಿದವು: ಮಾಧ್ಯಮಗಳ 121 ಮುಖ್ಯ ಹುದ್ದೆಗಳಲ್ಲಿ 106 ಮೇಲ್ಜಾತಿಯವರವು. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇಲ್ಲ. ಕೇರಿಯ ದಾರಿಯೇ ಗೊತ್ತಿಲ್ಲದವರು ಕೇರಿಯ ಸುದ್ದಿ ಹೆಂಗ ತಂದಾರು?

ಬಾಬಾಸಾಹೇಬರು ಇದನ್ನು ಆಗಲೇ ಕಂಡಿದ್ದರು. 1920ರ ಜನವರಿ 31ರಂದು 'ಮೂಕನಾಯಕ' ಹೊರಟಿತು. ಕೊಲ್ಲಾಪುರದ ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟರು. ದುಡ್ಡು ಕೊಡ್ತೀವಿ ಅಂದರೂ 'ಕೇಸರಿ' ಪತ್ರಿಕೆ ಅದರ ಜಾಹೀರಾತು ಹಾಕಲಿಲ್ಲ. ಪತ್ರಿಕೆ ನಿಂತಿತು, ಅವರು ನಿಲ್ಲಲಿಲ್ಲ. 1927ರಲ್ಲಿ 'ಬಹಿಷ್ಕೃತ ಭಾರತ' ತಂದರು.

ನಾವು ಮಾಡಬೇಕಾದ್ದು ಇಷ್ಟು. ರಜಕ್ಕೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಒಯ್ಯೋಣ. ಹೋಟೆಲಿನ ಲೋಟ, ಕ್ಷೌರದಂಗಡಿ, ನೀರು, ಕೂಲಿ — ಕಂಡದ್ದನ್ನು ತಾರೀಖು ಹಾಕಿ ಬರೆಯೋಣ. ಅವ್ವಂದಿರು ಹೇಳಿದ್ದನ್ನು ಅವರ ಮಾತಲ್ಲೇ ಬರೆಯೋಣ. ಒಂದಕ್ಕೆರಡು ಸೇರಿಸೋದು ಬ್ಯಾಡ. ಒಂದು ಸುಳ್ಳು ಸೇರಿದರೆ ಹತ್ತು ನಿಜ ಸಾಯ್ತಾವು. ಮುಂದಿನ ಸ್ಮಾರಕ ಉಪನ್ಯಾಸಕ್ಕೆ ಆ ನೋಟ್‌ಬುಕ್ ಹಿಡಿದು ಹೋಗೋಣ. ಮಾತು ಮುಗಿದ ಮೇಲೆ, ಚಪ್ಪಾಳೆಗೆ ಮೊದಲೇ, ಎದ್ದು ನಿಂತು ಒಂದು ಪುಟ ಓದೋಣ.

ಜೈ ಭೀಮ್.