ಪಕ್ಕಾ ಎಂಬ ಇಂಗ್ಲಿಷ್ ಮಾತು

ಲಂಡನ್ನಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ವರ್ಷ ಊರಿಗೆ ಬಂದಾಗ ನನಗೊಂದು ಚಹದ ಪೆಟ್ಟಿಗೆಯನ್ನು ತಂದುಕೊಟ್ಟರು. ಒಳಗಿದ್ದದ್ದು ಚಹದ ಸೊಪ್ಪಲ್ಲ, ನಮ್ಮ ಹಿತ್ತಿಲಿನ ತುಳಸಿ. ಪೆಟ್ಟಿಗೆಯ ಮೇಲೆ ಇಂಗ್ಲಿಷ್ ಲಿಪಿಯಲ್ಲಿ ದಪ್ಪನಾಗಿ ಒಂದು ಹೆಸರು. ನನ್ನ ಹೆಂಡತಿ ಕನ್ನಡಕ ಏರಿಸಿಕೊಂಡು ಅದನ್ನು 'ಪುಕ್ಕ' ಎಂದು ಓದಿದಳು. ಅವಳ ತಪ್ಪಲ್ಲ, ಇಂಗ್ಲಿಷರ ಕಾಗುಣಿತ ಹಾಗಿದೆ. 'ಯು' ಎಂಬ ಅಕ್ಷರವನ್ನು ಬರೆದು ಅವರು ಅಕಾರವನ್ನು ಉಚ್ಚರಿಸುತ್ತಾರೆ. "ಪುಕ್ಕವಲ್ಲ ಅಮ್ಮ, ಪಕ್ಕಾ" ಎಂದ ಆ ಹುಡುಗ, ನನ್ನ ಕಡೆ ತಿರುಗಿ, "ಇದು ನಮ್ಮ ಮಾತೇ ಅಲ್ಲವೆ, ಸಾರ್?" ಎಂದು ಕೇಳಿದ. ನಮ್ಮದೂ ಹೌದು, ಅವರದೂ ಹೌದು ಎಂದೆ. ಆ ಉತ್ತರ ಅವನಿಗೆ ಸಾಕಾಯಿತು, ನನಗೆ ಸಾಲಲಿಲ್ಲ. ಈ ಹೊತ್ತು ನಿಮ್ಮ ಮುಂದೆ ನಾನು ಆಡಲಿರುವ ಮಾತು ಆ ಒಂದು ಮಾತನ್ನು ಕುರಿತದ್ದು.

ಇಂಗ್ಲಿಷ್ ನಿಘಂಟುಗಳನ್ನು ತೆರೆದರೆ ಅಲ್ಲಿ ಪಕ್ಕಾ ಎಂಬ ಶಬ್ದಕ್ಕೆ ಅಪ್ಪಟವಾದದ್ದು, ನಿಜವಾದದ್ದು, ಸರಿಯಾದದ್ದು ಎಂಬ ಅರ್ಥಗಳಿವೆ. ಅಪ್ಪಟತನವನ್ನು ಹೇಳುವ ಶಬ್ದಗಳು ಆ ಭಾಷೆಯಲ್ಲಿ ಮೊದಲೇ ಇದ್ದವು. 'ಜೆನ್ಯುಯಿನ್' ಲ್ಯಾಟಿನ್ನಿನಿಂದ ಬಂದದ್ದು; ಹುಟ್ಟಿನಿಂದಲೇ ಇರುವುದು ಎಂಬುದು ಅದರ ಹಳೆಯ ಅರ್ಥ. 'ಅಥೆಂಟಿಕ್' ಗ್ರೀಕಿನಿಂದ ಬಂದದ್ದು. ತನ್ನ ಕೈಯಿಂದಲೇ ಮಾಡುವವನು ಎಂಬುದು ಅದರ ಬುಡದಲ್ಲಿದೆ. ನಾವು ಬಳಸುವ 'ಅಸಲಿ' ಅರಬ್ಬಿಯ ಮಾತು. ಬೇರು ಎಂದು ಅದರ ಮೂಲಾರ್ಥ. ಈ ಮೂರೂ ಶಬ್ದಗಳು ನಿಜವನ್ನು ಹುಡುಕಿಕೊಂಡು ಹಿಂದಕ್ಕೆ ಹೋಗುತ್ತವೆ: ಇದು ಯಾರಿಂದ ಹುಟ್ಟಿತು, ಯಾರ ಕೈಯದು, ಬೇರು ಎಲ್ಲಿಯದು? ಪಕ್ಕಾ ಹಾಗೆ ಕೇಳುವುದಿಲ್ಲ. ಅದು ಕೇಳುವುದು, ಬೆಂದಿದೆಯೇ?

ಸಂಸ್ಕೃತದ 'ಪಚ್' ಧಾತುವಿಗೆ ಬೇಯಿಸು ಎಂದರ್ಥ. ಅದರಿಂದ 'ಪಕ್ವ'. ವ್ಯಾಕರಣದ ಸಾಮಾನ್ಯ ನಿಯಮದಂತೆ ಅದು 'ಪಕ್ತ' ಎಂದಾಗಬೇಕಿತ್ತು. ಇದೊಂದು ಧಾತುವಿಗಾಗಿ ಪಾಣಿನಿ ಬೇರೆಯೇ ಒಂದು ಸೂತ್ರವನ್ನು ಬರೆದು ತಕಾರವನ್ನು ವಕಾರ ಮಾಡಿದ. ಪ್ರಾಕೃತದಲ್ಲಿ ಅದು 'ಪಕ್ಕ' ಆಯಿತು, ಹಿಂದೂಸ್ತಾನಿಯಲ್ಲಿ 'ಪಕ್ಕಾ'. ಕನ್ನಡಕ್ಕೆ ಅದು ಬಂದದ್ದು ಈಚೆಗೆ, ಹಿಂದೂಸ್ತಾನಿಯ ದಾರಿಯಿಂದ. ಕೊನೆಯ ದೀರ್ಘವೇ ಆ ದಾರಿಯ ಗುರುತು. ಮಗ್ಗುಲು ಎಂಬರ್ಥದ ನಮ್ಮ ಹಳೆಯ 'ಪಕ್ಕ'ಕ್ಕೂ ಇದಕ್ಕೂ ನಂಟಿಲ್ಲ. ಅದು 'ಪಕ್ಷ'ದ ತದ್ಭವ. ಪಾಕ, ಪಾಚಕ, ಪಚನ ಇವೆಲ್ಲ ಪಕ್ಕಾದ ಒಡಹುಟ್ಟುಗಳು. ಸೋಜಿಗವೆಂದರೆ, ಇಂಗ್ಲಿಷಿನ 'ಕುಕ್' ಎಂಬ ಶಬ್ದವೂ ಲ್ಯಾಟಿನ್ನಿನ ಮೂಲಕ ಇದೇ ಬುಡಕ್ಕೆ ಸೇರುತ್ತದೆ. ಎರಡು ಸಲ ಬೆಂದದ್ದು ಬಿಸ್ಕೆಟ್ಟು. ವಯಸ್ಸಿಗೆ ಮೀರಿ ಬುದ್ಧಿ ಬಂದ ಮಗುವನ್ನು ಅವರು 'ಪ್ರಿಕೋಷಸ್' ಎನ್ನುತ್ತಾರೆ. ಅಕ್ಷರಶಃ ಅದು ನಮ್ಮ 'ಅಕಾಲಪಕ್ವ'ವೇ. ಆದ್ದರಿಂದ ಹದಿನೇಳನೆಯ ಶತಮಾನದಲ್ಲಿ ಪಕ್ಕಾ ಇಂಗ್ಲಿಷಿನ ಬಾಗಿಲು ತಟ್ಟಿದಾಗ, ಮನೆಯೊಳಗೆ ಅದರ ದಾಯಾದಿಗಳು ಆಗಲೇ ಕುಳಿತಿದ್ದರು. ಯಾರೂ ಗುರುತಿಸಲಿಲ್ಲ, ಅಷ್ಟೆ.

ಅದನ್ನು ಮೊದಲು ಬರೆದಿಟ್ಟವರಲ್ಲಿ ಒಬ್ಬ ಜಾನ್ ಫ್ರಯರ್, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. ನಮ್ಮ ಕಾರವಾರ, ಗೋಕರ್ಣಗಳನ್ನೂ ನೋಡಿಹೋದವನು. 1698ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಆಗ್ರಾದ 'ಪಕ್ಕಾ ಮಣ' ಸೂರತ್ತಿನ ಮಣದ ಎರಡರಷ್ಟು ಎಂಬ ಲೆಕ್ಕವಿದೆ. ಅಂದರೆ ಇಂಗ್ಲಿಷರ ಕಿವಿಗೆ ಈ ಶಬ್ದ ಬಿದ್ದದ್ದು ಅಡುಗೆಮನೆಯಲ್ಲಲ್ಲ, ತಕ್ಕಡಿಯ ಮುಂದೆ. ವ್ಯಾಪಾರಕ್ಕೆ ಬಂದವರಿಗೆ ಅದು ಸಹಜವೇ. ನಮ್ಮ ಕಡೆಯೂ 24 ತೊಲದ ಕಚ್ಚಾ ಸೇರು, 80 ತೊಲದ ಪಕ್ಕಾ ಸೇರು ಎಂದು ಎರಡು ನಡೆಯುತ್ತಿದ್ದವು. 1956ರ ಕಾಯಿದೆಯಿಂದ ಕಿಲೋಗ್ರಾಂ ಬಂದಮೇಲೂ ನನ್ನ ಅಜ್ಜಿ ಸಂತೆಯಲ್ಲಿ ಬೆಲ್ಲ ಕೊಳ್ಳುವಾಗ "ಪಕ್ಕಾ ಸೇರಿನ ಲೆಕ್ಕದಲ್ಲಿ ಹೇಳಪ್ಪ" ಎನ್ನುತ್ತಿದ್ದುದು ನನಗೆ ನೆನಪಿದೆ. ಎರಡು ಅಳತೆಗಳಿರುವ ಊರಿನಲ್ಲಿ ದೊಡ್ಡದಕ್ಕೆ ಪಕ್ಕಾ ಎಂಬ ಹೆಸರು ಸಲ್ಲುತ್ತದೆ. ಚಿಕ್ಕ ಸೇರಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಅದು ಕಚ್ಚಾ. ಈ ಮಾತನ್ನು ತಾವು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಮುಂದಿನ ಇನ್ನೂರು ವರ್ಷ ಈ ಶಬ್ದ ಎಲ್ಲೆಲ್ಲಿ ಅಲೆಯಿತೆಂಬುದನ್ನು 1886ರಲ್ಲಿ ಪ್ರಕಟವಾದ 'ಹಾಬ್ಸನ್-ಜಾಬ್ಸನ್' ಎಂಬ ಕೋಶದಲ್ಲಿ ಕಾಣಬಹುದು. ಭಾರತದಲ್ಲಿದ್ದ ಇಂಗ್ಲಿಷರ ಆಡುಮಾತಿನ ಕೋಶ ಅದು. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಅದರ ಕರ್ತೃಗಳು. ಪುಸ್ತಕ ಹೊರಬರುವ ಹೊತ್ತಿಗೆ ಬರ್ನೆಲ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬರ್ನೆಲ್ಲರನ್ನು ಕನ್ನಡಿಗರು ಮರೆಯುವ ಹಾಗಿಲ್ಲ. ಅವರು ಮಂಗಳೂರಿನಲ್ಲಿಯೂ ಕೆಲಸ ಮಾಡಿದವರು. ದಕ್ಷಿಣ ಭಾರತದ ಲಿಪಿಗಳನ್ನು ಕುರಿತ ಅವರ ಗ್ರಂಥ 1874ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಅದೇ ಮಿಷನ್ನಿನವರು 1865ರಲ್ಲಿಯೇ ಅಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದಿದ್ದರು. ಮಣ್ಣನ್ನು ಸುಟ್ಟು ಪಕ್ಕಾ ಮಾಡುವ ಗೂಡು ಒಂದು ಕಡೆ, ಮಾತನ್ನು ಅಚ್ಚಿಗಿಳಿಸಿ ಪಕ್ಕಾ ಮಾಡುವ ಯಂತ್ರ ಇನ್ನೊಂದು ಕಡೆ. ಆ ಊರಿನಲ್ಲಿ ಓಡಾಡಿದ ಮನುಷ್ಯನ ಕೋಶದಲ್ಲಿ ಕಚ್ಚಾ-ಪಕ್ಕಾಗಳಿಗೆ ಅಷ್ಟು ಜಾಗ ಸಿಕ್ಕಿದ್ದು ನನಗೆ ಹಿತವೆನಿಸುತ್ತದೆ.

ಆ ಕೋಶದಲ್ಲಿ 'ಕಚ್ಚಾ' ಎಂಬ ಶಬ್ದದ ಕೆಳಗೆ ಒಂದು ಜೋಡಿಪಟ್ಟಿ ಇದೆ. ಬಿಸಿಲಲ್ಲಿ ಒಣಗಿದ ಇಟ್ಟಿಗೆ ಕಚ್ಚಾ, ಗೂಡಿನಲ್ಲಿ ಸುಟ್ಟದ್ದು ಪಕ್ಕಾ. ಮಣ್ಣಿನ ರಸ್ತೆ ಕಚ್ಚಾ, ಜಲ್ಲಿಯದು ಪಕ್ಕಾ. ಒಗೆದರೆ ಹೋಗುವ ಬಣ್ಣ, ಉಳಿಯುವ ಬಣ್ಣ. ದರ್ಜಿಯು ಅಳತೆ ನೋಡಲು ಹಾಕುವ ಹೊಲಿಗೆ, ಕೊನೆಯ ಹೊಲಿಗೆ. ಜ್ವರದಲ್ಲಿಯೂ ಎರಡುಂಟು, ಪಕ್ಕಾ ಜ್ವರ ಆಳನ್ನು ಕೊಲ್ಲುವಂಥದು. ಪೋಕರಿಗಳಲ್ಲಿಯೂ ಎರಡು ಬಗೆ: ಕಚ್ಚಾ ಪೋಕರಿ ಪೆದ್ದ, ಪಕ್ಕಾ ಪೋಕರಿ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡದವನು. ನಮ್ಮಲ್ಲಿಯೂ ಪಕ್ಕಾ ಕಳ್ಳ ಎನ್ನುತ್ತೇವಲ್ಲ, ಅದೇ ಮೆಚ್ಚುಗೆ. ಇನ್ನು ಉದ್ಯೋಗದಲ್ಲಿ, ತಾತ್ಕಾಲಿಕವಾದದ್ದು ಕಚ್ಚಾ, ಕಾಯಮ್ಮಾದದ್ದು ಪಕ್ಕಾ.

ಈ ಕೊನೆಯ ನಮೂದನ್ನು ನಾನು ಮೊದಲು ಓದಿದ್ದು ನನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಒಂದು ಕಾಲೇಜಿನ ಗ್ರಂಥಾಲಯದಲ್ಲಿ ನಿಂತುಕೊಂಡು. ಆಗ ನಾನು ತಾತ್ಕಾಲಿಕ ಅಧ್ಯಾಪಕ. ಬೇಸಗೆಯ ರಜೆ ಬಂದೊಡನೆ ನಮ್ಮನ್ನು ಬಿಡುಗಡೆ ಮಾಡಿ, ಕಾಲೇಜು ತೆರೆದಾಗ ಹೊಸದಾಗಿ ನೇಮಿಸಿಕೊಳ್ಳುತ್ತಿದ್ದರು; ರಜೆಯ ಸಂಬಳ ಉಳಿಯುತ್ತಿತ್ತು. ಹೀಗೆ ಏಳು ವರ್ಷ. ನನಗೆ ಹೆಣ್ಣು ಕೊಡಲು ಒಪ್ಪಿದ್ದ ಹಿರಿಯರು ಪ್ರತಿ ಯುಗಾದಿಗೂ ನಮ್ಮ ತಂದೆಯವರಿಗೆ ಕಾಗದ ಬರೆಯುತ್ತಿದ್ದರು. ಕುಶಲದ ಮಾತೆಲ್ಲ ಮುಗಿದಮೇಲೆ ಕೊನೆಯ ಸಾಲಿನಲ್ಲಿ, "ಚಿರಂಜೀವಿಯ ಕೆಲಸ ಪಕ್ಕಾ ಆಯಿತೇ?" ಕೆಲಸವನ್ನು ಕುರಿತ ಪ್ರಶ್ನೆಯೇ ಅದು, ಆದರೂ ನನ್ನನ್ನು ಕುರಿತು ಕೇಳಿದ ಹಾಗಾಗುತ್ತಿತ್ತು.

ಮನುಷ್ಯನನ್ನು ಕುರಿತು ಕೇಳತೊಡಗಿದಾಗಲೇ ಈ ಮಾತಿನ ಸ್ವಭಾವ ಕೆಟ್ಟದ್ದು. ಇಟ್ಟಿಗೆ, ಬಣ್ಣ, ಹೊಲಿಗೆಗಳ ಮೇಲೆ ಓಡಾಡುತ್ತಿದ್ದ ಶಬ್ದ 'ಪಕ್ಕಾ ಸಾಹೇಬ'ನ ಮೇಲೆ ಹೋಗಿ ಕುಳಿತಿತು. ಪಕ್ಕಾ ಸಾಹೇಬನೆಂದರೆ ಕುಲೀನ, ಕ್ಲಬ್ಬಿನ ಸದಸ್ಯ, ಆಳುವ ಜಾತಿಯವನು. ಅವನು ಎಲ್ಲಿ ಬೆಂದ, ಯಾವ ಗೂಡಿನಲ್ಲಿ? ಅವನ ಅರ್ಹತೆ ಹುಟ್ಟಿನದು. ಬೇಯುವಿಕೆಯನ್ನು ಕೇಳುತ್ತಿದ್ದ ಮಾತು ಇಲ್ಲಿ ತಲೆಕೆಳಗಾಗಿ, 'ಜೆನ್ಯುಯಿನ್' ಎಂಬುದಕ್ಕಿಂತಲೂ ಕಟುವಾಗಿ ಹುಟ್ಟನ್ನೇ ಕೇಳತೊಡಗಿತು. ಹುಟ್ಟನ್ನು ಕೇಳುವ ಪದ್ಧತಿ ಈ ಪದಪ್ರಯೋಗಕ್ಕಿಂತ ಹಳೆಯದು. ತಾಯಿ ಭಾರತೀಯಳಾದವರಿಗೆ ತನ್ನ ಸೇವೆಯ ಮೇಲ್ದರ್ಜೆಯ ಹುದ್ದೆಗಳಿಲ್ಲವೆಂದು ಕಂಪನಿ 1791ರಲ್ಲಿಯೇ ಆಜ್ಞೆ ಮಾಡಿತ್ತು. ಜೇಮ್ಸ್ ಸ್ಕಿನ್ನರ್ ಎಂಬ ಯೋಧನ ತಂದೆ ಸ್ಕಾಟ್ಲೆಂಡಿನವನು, ತಾಯಿ ರಜಪೂತಳು. ತಂದೆಯ ಸೈನ್ಯದ ಬಾಗಿಲು ಮುಚ್ಚಿದ್ದರಿಂದ ಅವನು ಮರಾಠರ ಕಡೆ ಚಾಕರಿ ಹಿಡಿಯಬೇಕಾಯಿತು. 1803ರಲ್ಲಿ ಅವನು ಕಟ್ಟಿದ ಕುದುರೆಪಡೆಯ ಹೆಸರು ಇಂದಿಗೂ ಭಾರತದ ಸೈನ್ಯದಲ್ಲಿ ಉಳಿದಿದೆ. ಯುದ್ಧಭೂಮಿಯಲ್ಲಿ ಅವನಷ್ಟು ಬೆಂದವರು ಎಷ್ಟು ಮಂದಿ ಇದ್ದರೋ!

ನಾವು ಇದನ್ನು ಇಂಗ್ಲಿಷರ ತಪ್ಪೆಂದು ತಳ್ಳಿ ಕೈತೊಳೆದುಕೊಳ್ಳಲಾಗದು. ಉತ್ತರದೇಶದಲ್ಲಿ ನೀರಿನಲ್ಲಿ ಬೆಂದ ಅಡುಗೆ ಕಚ್ಚಾ, ತುಪ್ಪದಲ್ಲಿ ಕರಿದದ್ದು ಪಕ್ಕಾ ಎಂಬ ಎಣಿಕೆ ಇದ್ದಿತು. ಪಕ್ಕಾ ಊಟವನ್ನು ಅನೇಕರ ಕೈಯಿಂದ ಸ್ವೀಕರಿಸಬಹುದು. ಕಚ್ಚಾ ಊಟವನ್ನು ಯಾರು ಯಾರ ಕೈಯಿಂದ ಉಣ್ಣಬೇಕೆಂಬುದಕ್ಕೆ ಜಾತಿಯ ಕಟ್ಟಳೆಗಳು. ಅನ್ನವೂ ಒಲೆಯ ಮೇಲೆಯೇ ಬೆಂದದ್ದು, ಅದನ್ನು ಹಸಿ ಎನ್ನುವುದು ಹೇಗೆ ಎಂದು ಕೇಳಿದವರು ಕಡಮೆ. ಸಾಹೇಬನಿಗೆ ಈ ಮಾತನ್ನು ಕೊಟ್ಟ ಮನೆಯಲ್ಲಿ ಪಂಕ್ತಿಭೇದ ಮೊದಲೇ ಇತ್ತು.

ಜಾರ್ಜ್ ಆರ್ವೆಲ್ ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದು, ಆ ಕೆಲಸ ಬಿಟ್ಟು, 1934ರಲ್ಲಿ 'ಬರ್ಮೀಸ್ ಡೇಸ್' ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಅದರ ನಾಯಕ ಫ್ಲೋರಿಗೆ ಒಬ್ಬ ಭಾರತೀಯ ವೈದ್ಯ ಪ್ರಾಣಸ್ನೇಹಿತ. ದೇಶೀಯರನ್ನು ಕ್ಲಬ್ಬಿಗೆ ಸೇರಿಸಬಾರದೆಂಬ ಪತ್ರಕ್ಕೆ ಎಲ್ಲರೊಡನೆ ಫ್ಲೋರಿಯೂ ಸಹಿ ಹಾಕುತ್ತಾನೆ. ಇಲ್ಲವೆನ್ನುವ ಧೈರ್ಯ ಅವನಿಗಿಲ್ಲ. ಆ ಕೃತಿಯಲ್ಲಿ ಪಕ್ಕಾ ಸಾಹೇಬ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ, ಬಂದಾಗಲೆಲ್ಲ ಅದರ ಹಲ್ಲು ಕಾಣುತ್ತದೆ. ಪಕ್ಕಾ ಎನಿಸಿಕೊಳ್ಳಲು ಸುಳ್ಳಾಗಬೇಕಾದ ಮನುಷ್ಯನ ಕಥೆ ಅದು. ಅಲ್ಲಿಂದಾಚೆಗೆ ಈ ಪದಪುಂಜವನ್ನು ಗಂಭೀರವಾಗಿ ಬಳಸುವುದು ಇಂಗ್ಲಿಷಿನಲ್ಲಿ ಕಷ್ಟವಾಯಿತೆಂದು ನನ್ನ ಭಾವನೆ.

ಸಾಮ್ರಾಜ್ಯ ಹೋದಮೇಲೆ ಮಾತು ಬೀದಿಗಿಳಿಯಿತು. ಲಂಡನ್ನಿನ ಹುಡುಗರ ಬಾಯಲ್ಲಿ ಪಕ್ಕಾ ಎಂದರೆ 'ಸೊಗಸು', 'ಭಲೆ' ಎಂದಾಯಿತು. 1960ರ ದಶಕದಲ್ಲಿ ಲೆಸ್ಟರಿನ ಕಡೆಯ ಒಬ್ಬ ವ್ಯಾಪಾರಿ ತನ್ನ ಮಾಂಸದ ಕಡುಬುಗಳಿಗೆ ಈ ಹೆಸರಿಟ್ಟ. 1999ರಲ್ಲಿ ಜೇಮೀ ಆಲಿವರ್ ಎಂಬ ಯುವ ಬಾಣಸಿಗ ದೂರದರ್ಶನದಲ್ಲಿ ತಾನು ಮಾಡಿದ ಅಡುಗೆಯನ್ನೆಲ್ಲ ಪಕ್ಕಾ ಎಂದು ಹೊಗಳಿ ಮನೆಮಾತಾದ. ಎರಡು ವರ್ಷದ ತರುವಾಯ ಬ್ರಿಸ್ಟಲ್ಲಿನಲ್ಲಿ ಆ ಚಹದ ಕಂಪನಿ. ಪಚ್ ಧಾತು ಕೊನೆಗೂ ಒಲೆಯ ಬಳಿಗೆ ಮರಳಿತು. ಆಲಿವರ್‌ಗೆ ಪಾಣಿನಿ ಗೊತ್ತಿರಬೇಕಾಗಿಲ್ಲ. ಧಾತುವಿಗೆ ತನ್ನ ದಾರಿ ಗೊತ್ತಿತ್ತು.

ನಮ್ಮ ದೇಶದ ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ಬೇರೆಯೇ ಕಾಗುಣಿತವಿದೆ, ಬೇರೆಯೇ ಬದುಕಿದೆ. ಅವರದಕ್ಕೆ ಎರಡು 'ಕೆ', ನಮ್ಮದಕ್ಕೆ ಎರಡು 'ಸಿ'. ಅದು ಸರ್ಕಾರದ ಕಡತಗಳಲ್ಲಿ ವಾಸಿಸುತ್ತದೆ. ವಸತಿ ಯೋಜನೆಗಳಲ್ಲಿ ಕೊಡುವುದು 'ಪಕ್ಕಾ ಮನೆ'. ಸುಟ್ಟ ಇಟ್ಟಿಗೆ, ಕಲ್ಲು, ಸಿಮೆಂಟು ಇವು ಪಕ್ಕಾ. ಮಣ್ಣು, ಬಿದಿರು, ಹುಲ್ಲು ಕಚ್ಚಾ. ಮಳೆಗೆ ಸೋರುವ ಸೂರಿನ ಕೆಳಗೆ ಮಲಗಿದವರಿಗೆ ಈ ಭೇದ ಶಬ್ದಶಾಸ್ತ್ರದ ವಿಷಯವಲ್ಲ, ಅದನ್ನು ನಾನು ಬಲ್ಲೆ. ಆದರೆ ನಾನು ಹುಡುಗನಾಗಿದ್ದಾಗ ಅರಸೀಕೆರೆಯ ಕಡೆಯ ನಮ್ಮ ಹಳ್ಳಿಗೆ ಮನೆಗಳ ಲೆಕ್ಕ ಬರೆದುಕೊಳ್ಳಲು ಒಬ್ಬರು ಬಂದರು. ನಮ್ಮದು ಮಣ್ಣಿನ ಗೋಡೆ, ಮೊಳಕ್ಕಿಂತ ದಪ್ಪ. ಆತ ಗೋಡೆಯನ್ನು ಪೆನ್ಸಿಲಿನಿಂದ ಕುಟ್ಟಿ ನೋಡಿ, 'ಕಚ್ಚಾ' ಎಂದು ಗಟ್ಟಿಯಾಗಿ ಹೇಳಿಕೊಂಡು ಬರೆದರು. ಜಗುಲಿಯಲ್ಲಿ ಕಾಳು ಹಸನು ಮಾಡುತ್ತಿದ್ದ ಅಜ್ಜಿ ಮೊರವನ್ನು ಕೆಳಗಿಟ್ಟಳು.

"ಕಚ್ಚಾ ಅಂದರೇನಪ್ಪಾ?"

"ಹಸಿ ಅಂತ ಅಜ್ಜಿ. ಮಣ್ಣಿನದು ಅಂತ."

"ಹಸಿಯೇ? ನಮ್ಮ ಮಾವನವರು ಹಾಕಿಸಿದ ಗೋಡೆ. ಅರವತ್ತು ಮಳೆಗಾಲ ನೆಂದಿದೆ, ಅರವತ್ತು ಬೇಸಗೆ ಒಣಗಿದೆ. ಇನ್ನೂ ಹಸಿಯೇ?"

ಆತ ನಕ್ಕರು, ಮಜ್ಜಿಗೆ ಕುಡಿದರು, ಬರೆದದ್ದನ್ನು ತಿದ್ದಲಿಲ್ಲ. ತಿದ್ದಲು ಅವರ ಪಟ್ಟಿಯಲ್ಲಿ ಅಂಕಣವೂ ಇರಲಿಲ್ಲ. ಸಂತೆಯಲ್ಲಿ ಪಕ್ಕಾ ಸೇರಿನ ಪಕ್ಷ ವಹಿಸುತ್ತಿದ್ದ ಅಜ್ಜಿ ಅಂದು ಮೊದಲ ಸಲ ಕಚ್ಚಾದ ಕಡೆಗೆ ನಿಂತಿದ್ದಳು.

ಆ ಪ್ರಶ್ನೆಯನ್ನೇ ಹೋಲುವ ಇನ್ನೊಂದು ಪ್ರಶ್ನೆ ನನಗೆ ಎಂ.ಎ. ತರಗತಿಯಲ್ಲಿ, ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಹಿಡಿದು ಸಂಸ್ಕೃತದ ಆಕರಗಳ ಕಡೆಗೆ ಹೋದಾಗ ಎದುರಾಯಿತು. ನಮ್ಮ ಆಲಂಕಾರಿಕರು ಕಾವ್ಯಕ್ಕೂ ಪಾಕವನ್ನು ಹೇಳಿದ್ದಾರೆ. ಕ್ರಿಸ್ತಶಕ 900ರ ಸುಮಾರಿನ ರಾಜಶೇಖರ ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಒಂಬತ್ತು ಪಾಕಗಳನ್ನು ಎಣಿಸುತ್ತಾನೆ. ಬೇವಿನ ಪಾಕದ ಕಾವ್ಯ ಮೊದಲಿಂದ ಕೊನೆಯವರೆಗೂ ರುಚಿಗೆಟ್ಟದ್ದು. ತೆಂಗಿನ ಪಾಕದ್ದು ಆದ್ಯಂತ ಸವಿ. ನಡುವೆ ಮಾವು, ಅಡಕೆ, ಬದನೆ, ಸೌತೆಗಳೂ ಉಂಟು. ಯಾವಾಗ ಕಾವ್ಯ ಪಕ್ವವಾಯಿತೆನ್ನಬೇಕು? ವಾಮನನ ಪಂಥದವರ ಉತ್ತರ ಖಚಿತವಾದದ್ದು: ಒಂದು ಪದವನ್ನು ತೆಗೆದು ಇನ್ನೊಂದನ್ನು ಇಡಲಾಗದ ಸ್ಥಿತಿ ಬಂದಾಗ. ಇದು ಸುಟ್ಟ ಇಟ್ಟಿಗೆಯ ಪಾಕ. ಇದನ್ನು ಹೇಳಿದ ಮೇಲೆ ರಾಜಶೇಖರ ತನ್ನ ಹೆಂಡತಿ ಅವಂತಿಸುಂದರಿಯ ಅಭಿಪ್ರಾಯವನ್ನು ದಾಖಲಿಸುತ್ತಾನೆ. ಅದು ಪಾಕವಲ್ಲ, ಅಶಕ್ತಿ, ಎಂದು ಆಕೆಯ ಮತ. ಮಹಾಕವಿಗಳಲ್ಲಿ ಒಂದೇ ವಸ್ತುವಿಗೆ ಹಲವು ಪಾಠಗಳಿರಬಹುದು, ಅವೆಲ್ಲವೂ ಪಕ್ವವಾಗಿರಬಹುದು. ರಸಕ್ಕೆ ತಕ್ಕ ಶಬ್ದಾರ್ಥಗಳ ಹೆಣಿಗೆಯೇ ಪಾಕ. ಕದಲದಿರುವುದೇ ಪಕ್ವತೆ ಎಂಬುದನ್ನು ಆಕೆ ಒಪ್ಪಲಿಲ್ಲ. ಸಾವಿರದ ನೂರು ವರ್ಷಗಳ ಹಿಂದಿನ ಆ ವಿದುಷಿಯ ಹೆಸರಿನ ಕೃತಿ ಒಂದೂ ಇಂದು ನಮಗೆ ದೊರೆಯುವುದಿಲ್ಲ. ಗಂಡನ ಪುಸ್ತಕದಲ್ಲಿ ಇಂಥ ಕೆಲವು ಭಿನ್ನಮತಗಳು ಮಾತ್ರ ಉಳಿದಿವೆ.

ಈ ಪಾಠವನ್ನು ನಾನು ಮೊದಲು ಮಾಡಿದ್ದು ಏಳು ವರ್ಷಗಳ ಆ ಕಚ್ಚಾ ಉದ್ಯೋಗದ ಮೂರನೆಯ ವರ್ಷದಲ್ಲಿ. ರಾತ್ರಿಯೆಲ್ಲ ಕುಳಿತು ಟಿಪ್ಪಣಿ ಬರೆದುಕೊಂಡಿದ್ದೆ. ಕೆಲಸ ಪಕ್ಕಾ ಆಯಿತು, ಮದುವೆಯಾಯಿತು, ಕಾಲಕ್ರಮದಲ್ಲಿ ಪ್ರಾಧ್ಯಾಪಕನೂ ಆದೆ. ನಿವೃತ್ತನಾಗುವ ವರ್ಷದವರೆಗೂ ಅದೇ ಟಿಪ್ಪಣಿಯನ್ನು ಇಟ್ಟುಕೊಂಡೇ ಆ ಪಾಠವನ್ನು ಮಾಡಿದೆ.